ಉಡುಪಿ–ಆಗುಂಬೆ–ಶೃಂಗೇರಿ, ಸೈಕಲ್‌ನಲ್ಲಿ ಒಂದೇ ದಿನ: ಘಾಟಿಯಲ್ಲಿ ಇಳಿದು ತಳ್ಳಿದೆ. ಮುಂದಿನ ಸಲಕ್ಕೆ ಏನು ಬದಲಿಸಲಿ?

ಕಡಲದಾರಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ ಉಡುಪಿಯಿಂದ ಶೃಂಗೇರಿಗೆ ಸೈಕಲ್‌ನಲ್ಲಿ ಹೋದೆ. ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ, ಆಗುಂಬೆ, ಅಲ್ಲಿಂದ ಶೃಂಗೇರಿ. ಹೆಚ್ಚುಕಮ್ಮಿ 80 ಕಿ.ಮೀ. ಮರುದಿನ ಕೆರೆಕಟ್ಟೆ ಮೇಲೆ ಕಾರ್ಕಳಕ್ಕೆ ಇಳಿದು ವಾಪಸ್ ಬರಬೇಕು ಅಂತ ಲೆಕ್ಕ ಹಾಕಿದ್ದೆ. ಅದು ಆಗಲಿಲ್ಲ. ಬಸ್ಸಿನಲ್ಲಿ ಬಂದೆ.

ಬೆಳಿಗ್ಗೆ 7.30ಕ್ಕೆ ಮನೆ ಬಿಟ್ಟೆ. ಹೆಬ್ರಿವರೆಗೆ ಚೆನ್ನಾಗಿಯೇ ಇತ್ತು. ಸೋಮೇಶ್ವರ ದಾಟಿ ಘಾಟಿ ಹತ್ತಲು ಶುರು ಮಾಡಿದಾಗ ಹನ್ನೊಂದೂವರೆ. ಮೊದಲ ನಾಲ್ಕೈದು ತಿರುವು ತುಳಿದೆ. ಒಂಬತ್ತನೇ ತಿರುವಿನಲ್ಲಿ ಕಾಲು ನಿಂತೇ ಹೋಯಿತು. ಇಳಿದು ತಡೆಗೋಡೆಗೆ ಒರಗಿದೆ. ಜೇಬಿನಿಂದ ಚಿಕ್ಕಿ ತೆಗೆದರೆ ಕೈ ನಡುಗುತ್ತಿತ್ತು. ಪ್ಯಾಕೆಟ್ ಹರಿಯಲು ಆಗದೆ ಹಲ್ಲಿನಿಂದ ಕಚ್ಚಿ ತೆಗೆದೆ. ಅಲ್ಲಿಂದ ಆಗುಂಬೆವರೆಗೂ ತಳ್ಳಿಕೊಂಡೇ ಹೋದೆ. ಶೃಂಗೇರಿ ಮುಟ್ಟುವಾಗ ಕತ್ತಲೆ. ಮಠದಲ್ಲಿ ಮಧ್ಯಾಹ್ನದ ಊಟ ಮಾಡಬೇಕು ಅಂತ ತುಂಬಾ ಆಸೆ ಇತ್ತು, ಅದೂ ತಪ್ಪಿತು.

ಸೈಕಲ್ ರೋಡ್ ಬೈಕ್. ಗೇರ್‌ನ ಹಲ್ಲು ಮುಂದೆ 50/34, ಹಿಂದೆ 11–28. ನಾನು 72 ಕೆ.ಜಿ., ಸೈಕಲ್ 12, ಸಾಮಾನು 16. ಕೊಳ್ಳುವಾಗ ಅಂಗಡಿಯವರು «ಈ ಗೇರ್ ಎಲ್ಲ ಘಾಟಿಗೂ ಸಾಕು» ಅಂದಿದ್ದರು. ದಿನಾ 30 ಕಿ.ಮೀ. ತುಳಿಯುತ್ತೇನೆ, ಆರೋಗ್ಯ ಚೆನ್ನಾಗಿದೆ. ಹಾಗಿದ್ದೂ ಯಾಕೆ ಹೀಗಾಯಿತು? ಇನ್ನೂ ಜಾಸ್ತಿ ಅಭ್ಯಾಸ ಬೇಕಾ, ಅಥವಾ ಬೇರೆ ಏನಾದರೂ ಬದಲಿಸಬೇಕಾ?

ಹೆಬ್ರಿ ಮಾಣಿ

ಏಳೂವರೆಗೆ ಹೊರಟಿದ್ದೇ ಮೊದಲ ತಪ್ಪು ಮಾರಾಯ್ರೆ. ನಮ್ಮ ಕಡೆ ಹತ್ತು ಗಂಟೆ ಮೇಲೆ ಸೆಕೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಘಾಟಿಯ ಬುಡದಲ್ಲಿ ಗಾಳಿಯೂ ಆಡುವುದಿಲ್ಲ.

ಬ್ರೆವೆ ಬೆಂಗಳೂರು

ಅಭ್ಯಾಸ ಸಾಲದು, ಅಷ್ಟೇ. 200 ಕಿ.ಮೀ. ಬ್ರೆವೆಯನ್ನು (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು. ಅದರಲ್ಲಿ ಘಾಟಿಯೂ ಇರುತ್ತದೆ. 80 ಕಿ.ಮೀ.ಗೆ ಇಡೀ ದಿನ ಬೇಕಾಯಿತು ಅಂದರೆ ಕಾಲಿಗೆ ಶಕ್ತಿ ಬರಬೇಕು. ವಾರಕ್ಕೆ ಎರಡು ದಿನ ಏರು ತುಳಿಯಿರಿ. ಮೂರು ತಿಂಗಳಲ್ಲಿ ಇದೇ ಗೇರ್‌ನಲ್ಲಿ ಹತ್ತುತ್ತೀರಿ.

ಸ್ಪೋಕ್ ಕಟ್ಟುವವ

ಬ್ರೆವೆ ಅವರ ಮಾತು ನಾನು ಒಪ್ಪುವುದಿಲ್ಲ. ಬ್ರೆವೆಗೆ ಹೋಗುವವರು ಎರಡು ಟ್ಯೂಬ್, ಒಂದು ಪಂಪ್, ಒಂದು ಜಾಕೆಟ್ ಕಟ್ಟಿಕೊಂಡು ಹೋಗುತ್ತಾರೆ. ಇವರು ಕಟ್ಟಿಕೊಂಡಿದ್ದು 16 ಕೆ.ಜಿ. ಎರಡೂ ಒಂದೇ ಅಲ್ಲ.

ಲೆಕ್ಕ ಹಾಕಿ ನೋಡೋಣ. ಮುಂದೆ 34 ಹಲ್ಲು, ಹಿಂದೆ 28. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 2.6 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9 ಕಿ.ಮೀ. ಮೇಲೆ. ಏರು ಶೇ 7 ಅಂತ ಇಟ್ಟುಕೊಳ್ಳಿ, ಒಟ್ಟು ಭಾರ 100 ಕೆ.ಜಿ. ಅದಕ್ಕೆ ಬೇಕಾಗುವುದು 200 ವ್ಯಾಟ್ ಹತ್ತಿರ. ಸಾಮಾನ್ಯ ಸವಾರ ಅಷ್ಟು ಶಕ್ತಿ ಹತ್ತು ಹದಿನೈದು ನಿಮಿಷ ಹಾಕಬಹುದು. ಬಿಸಿಲಿನಲ್ಲಿ ಒಂದು ಗಂಟೆ ಹಾಕುವುದು ಕಷ್ಟ.

ಹಾಗಾದರೆ ನಿಧಾನ ತುಳಿಯಿರಿ ಅನ್ನಬಹುದು. ಆ ಗೇರ್‌ನಲ್ಲಿ ನಿಧಾನ ಅಂದರೆ ನಿಮಿಷಕ್ಕೆ 40 ಸುತ್ತು. ಆಗಲೂ ಒಂದೊಂದು ತುಳಿತಕ್ಕೆ ಬೇಕಾಗುವ ಬಲ ಕಮ್ಮಿಯಾಗುವುದಿಲ್ಲ, ಮಂಡಿಗೆ ಭಾರ ಬೀಳುತ್ತದೆ. ಹಿಂದೆ 11–34 ಹಾಕಿಸಿ. ಆಗ 34ಕ್ಕೆ 34, ಒಂದು ಸುತ್ತಿಗೆ 2.1 ಮೀಟರ್. ಅದೇ 60 ಸುತ್ತಿಗೆ 160 ವ್ಯಾಟ್ ಸಾಕು. ಇವರ ಕಾಲಿನಲ್ಲಿ ತಪ್ಪೇನೂ ಇಲ್ಲ, ಹಲ್ಲಿನ ಲೆಕ್ಕದಲ್ಲಿ ಇದೆ.

ಒಂದು ಎಚ್ಚರಿಕೆ. ಬರೀ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಬದಲಿಸಿದರೆ ಸಾಲದು. ಹಿಂದಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಗಿಡ್ಡ ಇದ್ದರೆ 34 ಹಲ್ಲು ಹಿಡಿಯುವುದಿಲ್ಲ, ಉದ್ದದ್ದು ಹಾಕಬೇಕು. ಚೈನ್ ಕೂಡ ಸ್ವಲ್ಪ ಉದ್ದ ಬೇಕು. ಹಳೇ ಚೈನ್ ಹಾಗೇ ಬಿಟ್ಟು ದೊಡ್ಡ ಹಲ್ಲಿಗೆ ಏರಿಸಿದರೆ ಡಿರೈಲರ್ ಕಿತ್ತು ಬರುತ್ತದೆ. ನನ್ನ ಕೈಗೆ ಅಂಥ ಸೈಕಲ್ ಎರಡು ಬಂದಿವೆ.

ಬ್ರೆವೆ ಬೆಂಗಳೂರು

ಗೇರ್ ಬದಲಿಸುವುದು ಬೇಡ ಅಂದೆನಾ ನಾನು? ಗೇರ್ ಹಾಕಿದ ಮಾತ್ರಕ್ಕೆ ದಮ್ಮು ಬರುವುದಿಲ್ಲ, ಅಷ್ಟೇ ಹೇಳಿದ್ದು.

ಸ್ಪೋಕ್ ಕಟ್ಟುವವ

ದಿನಾ 30 ಕಿ.ಮೀ. ತುಳಿಯುವವರಿಗೆ ದಮ್ಮು ಇದೆ ಸರ್. ನೀವು ಓದದೆ ಉತ್ತರ ಬರೆದಿರಿ.

ಕೊಪ್ಪದವಳು

16 ಕೆ.ಜಿ.ಯಲ್ಲಿ ಏನೇನಿತ್ತು ಅಂತ ಯಾರೂ ಕೇಳಲೇ ಇಲ್ಲ! ಎರಡು ದಿನದ ಪ್ರಯಾಣಕ್ಕೆ, ರಾತ್ರಿ ಲಾಡ್ಜಿನಲ್ಲಿ ಮಲಗುವವರಿಗೆ 16 ಕೆ.ಜಿ. ಯಾಕೆ ಅಣ್ಣ?

ಕಡಲದಾರಿ

ಹೇಳುತ್ತೇನೆ. ಟೆಂಟ್ ಇತ್ತು (ಬಿಚ್ಚಲೇ ಇಲ್ಲ). ಮೂರು ಜೊತೆ ಬಟ್ಟೆ, ಜೀನ್ಸ್ ಸೇರಿ. ಲ್ಯಾಪ್‌ಟಾಪ್. ಸ್ಟೀಲ್ ಡಬ್ಬಿಯಲ್ಲಿ ಅಮ್ಮ ಕೊಟ್ಟ ಚಪಾತಿ, ಉಪ್ಪಿನಕಾಯಿ. ಪಾನಾ ಸೆಟ್ ಇಡೀ ಪೆಟ್ಟಿಗೆ. ನೀರು 4 ಲೀಟರ್.

ಕೊಪ್ಪದವಳು

ಟೆಂಟ್, ಲ್ಯಾಪ್‌ಟಾಪ್, ಜೀನ್ಸ್ ಮನೆಯಲ್ಲಿಡಿ. ಆ ರಸ್ತೆ ಸೋಮೇಶ್ವರ ವನ್ಯಜೀವಿ ಧಾಮದ ನಡುವೆ ಹೋಗುತ್ತದೆ, ಅಲ್ಲಿ ಟೆಂಟ್ ಹಾಕುವ ಹಾಗೇ ಇಲ್ಲ. ನೀರು ಎರಡು ಬಾಟಲಿ ಸಾಕು. ಹೆಬ್ರಿಯಲ್ಲಿ ತುಂಬಿಸಿ, ಸೋಮೇಶ್ವರದಲ್ಲಿ ಇನ್ನೊಮ್ಮೆ ತುಂಬಿಸಿ. ನಾಲ್ಕು ಲೀಟರ್ ಅಂದರೆ ನಾಲ್ಕು ಕೆ.ಜಿ., ಅದನ್ನು ಉಡುಪಿಯಿಂದ ಹೊರುವುದು ಯಾಕೆ? ನಾನು ಎರಡು ದಿನಕ್ಕೆ 6 ಕೆ.ಜಿ. ಮೇಲೆ ಒಯ್ಯುವುದಿಲ್ಲ. ಬಟ್ಟೆ ಸಂಜೆ ಒಗೆದು ಫ್ಯಾನ್ ಕೆಳಗೆ ಹಾಕಿದರೆ ಬೆಳಿಗ್ಗೆಗೆ ಒಣಗುತ್ತದೆ. ಮಳೆಗಾಲದಲ್ಲಿ ಮಾತ್ರ ಒಣಗುವುದಿಲ್ಲ.

ಹಳೇ ಅಟ್ಲಾಸ್

ಇದನ್ನೆಲ್ಲ ಓದುತ್ತಾ ನನ್ನ ಕಾಲ ನೆನಪಾಯಿತು. 1986ರ ಜನವರಿ, ಉಡುಪಿ ಪರ್ಯಾಯ ನೋಡಲು ತೀರ್ಥಹಳ್ಳಿಯಿಂದ ನಾವು ಮೂವರು ಸೈಕಲ್‌ನಲ್ಲಿ ಬಂದಿದ್ದೆವು. ಗೇರ್ ಅನ್ನುವುದೇ ಇರಲಿಲ್ಲ. ಮುಂದೆ 44 ಹಲ್ಲು, ಹಿಂದೆ 18, ಸರಳಿನ ಬ್ರೇಕ್. ನೀವು ಹತ್ತಿದ್ದು ಹೇಳುತ್ತೀರಿ, ನಾವು ಇಳಿದದ್ದು. ಮೂರನೇ ತಿರುವಿಗೇ ಬ್ರೇಕಿನ ರಬ್ಬರ್ ಸುಟ್ಟ ವಾಸನೆ ಬಂತು. ಜೊತೆಯವನೊಬ್ಬ ರಿಮ್ ಮುಟ್ಟಿ ಕೈ ಸುಟ್ಟುಕೊಂಡ. ಆಮೇಲೆ ಸೋಮೇಶ್ವರದವರೆಗೂ ಸೈಕಲ್ ಹಿಡಿದುಕೊಂಡು ನಡೆದೇ ಇಳಿದೆವು. ಮರುದಿನ ವಾಪಸ್ ಹತ್ತುವಾಗಲೂ ನಡೆದೆವು. ಆಗ ಅದನ್ನು ಯಾರೂ ಸೋಲು ಅನ್ನುತ್ತಿರಲಿಲ್ಲ. ಘಾಟಿ ಬಂದರೆ ಇಳಿಯುವುದು, ತಳ್ಳುವುದು, ಮೇಲೆ ಹೋಗಿ ಕಾಫಿ ಕುಡಿಯುವುದು. ತಳ್ಳಿದ್ದಕ್ಕೆ ನೀವು ಬೇಸರ ಮಾಡಿಕೊಳ್ಳಬೇಡಿ ತಮ್ಮಾ.

ಎರಡು ಚಕ್ರ

ತಳ್ಳುವುದು ತಪ್ಪಲ್ಲ, ಸರಿ. ಆದರೆ ಆ ರಸ್ತೆಯಲ್ಲಿ ತಳ್ಳುವುದು ತುಳಿಯುವುದಕ್ಕಿಂತ ಅಪಾಯ. ರಸ್ತೆ ಅಗಲ ಇಲ್ಲ. ತಿರುವು ಎಷ್ಟು ಬಿಗಿ ಅಂದರೆ ಆ ದಾರಿಯಲ್ಲಿ ಓಡುವುದು ಮಿನಿ ಬಸ್‌ಗಳು. ಅವು ತಿರುಗುವಾಗ ಇಡೀ ರಸ್ತೆ ಹಿಡಿಯುತ್ತವೆ. ತಳ್ಳುವಾಗ ನೀವು ಮತ್ತು ಸೈಕಲ್ ಸೇರಿ ಎರಡು ಪಟ್ಟು ಜಾಗ ಬೇಕು. ಹಾರ್ನ್ ಕೇಳಿದ ಕೂಡಲೇ ತಿರುವಿಗೆ ಮೊದಲೇ ನಿಲ್ಲಿ, ಒಳಗೆ ನುಗ್ಗಬೇಡಿ.

ಸುಮ್ನೆ ಓದುವವ

ಒಂಬತ್ತನೇ ತಿರುವು ಅಂದರೆ ಕೆಳಗಿನಿಂದ ಎಣಿಸಿದ್ದಾ, ಮೇಲಿನಿಂದಲಾ?

ಕಡಲದಾರಿ

ಕೆಳಗಿನಿಂದ. ಒಟ್ಟು 14ರಲ್ಲಿ ಐದು ಬಾಕಿ ಇತ್ತು.

ತೀರ್ಥಹಳ್ಳಿ ಹುಡುಗ

ನಾವು ಮೇಲಿನಿಂದ ಎಣಿಸುವುದು. ನಿಮ್ಮ ಒಂಬತ್ತು ನಮಗೆ ಆರು.

ಹೆಬ್ರಿ ಮಾಣಿ

ಘಾಟಿ ಶುರುವಾಗುವುದು ಕೆಳಗಿನಿಂದ. ನಮ್ಮ ಲೆಕ್ಕವೇ ಸರಿ.

ತೀರ್ಥಹಳ್ಳಿ ಹುಡುಗ

ಆಗುಂಬೆ ಇರುವುದು ನಮ್ಮ ತಾಲ್ಲೂಕಿನಲ್ಲಿ. ಊರಿನ ಹೆಸರಿನ ಘಾಟಿಯನ್ನು ಊರಿನಿಂದಲೇ ಎಣಿಸಬೇಕು ಅಲ್ವಾ?

ಮ್ಯೂನಿಕ್ ಕನ್ನಡಿಗ

ಇಲ್ಲಿಂದ ಹೋಗಿ ಇಟಲಿಯ ಸ್ಟೆಲ್ವಿಯೊ ಹತ್ತಿದ್ದೇನೆ. ಪ್ರಾಟೊ ಕಡೆಯಿಂದ 48 ತಿರುವು, ಪ್ರತಿ ತಿರುವಿಗೂ ಕಲ್ಲಿನಲ್ಲಿ ನಂಬರ್. ಅಲ್ಲಿ ಮೇಲಿನಿಂದಲೇ ಎಣಿಸಿದ್ದಾರೆ. ಹಾಗಾಗಿ ಹತ್ತುವವರಿಗೆ 48, 47, 46 ಅಂತ ಇಳಿಯುತ್ತಾ ಬರುತ್ತದೆ. ಎಷ್ಟು ಬಾಕಿ ಅಂತ ಗೊತ್ತಾದರೆ ಮನಸ್ಸಿಗೆ ದೊಡ್ಡ ಬಲ. ಈ ವಿಷಯದಲ್ಲಿ ನನ್ನ ಮತ ತೀರ್ಥಹಳ್ಳಿಗೆ.

ಅಲ್ಲಿ ಕಂಡ ಇನ್ನೊಂದು ವಿಷಯ. 2,700 ಮೀಟರ್ ಮೇಲಿನ ಕಣಿವೆ ಅದು, ಅರವತ್ತು ದಾಟಿದವರೂ ಸಾಮಾನು ಕಟ್ಟಿಕೊಂಡು ಹತ್ತುತ್ತಾರೆ. ಎಲ್ಲರದೂ ಸಣ್ಣ ಗೇರ್. ಮುಂದೆ 22, 24 ಹಲ್ಲು, ಹಿಂದೆ 34, 36. ಗಂಟೆಗೆ 5 ಕಿ.ಮೀ. ವೇಗ. ಯಾರಿಗೂ ಅವಸರ ಇಲ್ಲ. ನಮ್ಮ ಕಡೆ ಅಂಗಡಿಯವರು ರೇಸಿನ ಗೇರ್ ಇರುವ ಸೈಕಲ್ ಮಾರುತ್ತಾರೆ, ಪ್ರವಾಸಕ್ಕೆ ಅದನ್ನೇ ಒಯ್ಯುತ್ತೇವೆ. ಅದೇ ತೊಂದರೆ.

ಶಾಲಾ ಮೇಷ್ಟ್ರು

ಕೈ ನಡುಗಿದ್ದು ಬರೆದಿದ್ದೀರಲ್ಲ, ಅದರ ಬಗ್ಗೆ ಯಾರೂ ಮಾತಾಡಿಲ್ಲ. ಅದು ಗೇರ್ ತೊಂದರೆ ಅಲ್ಲ, ಹೊಟ್ಟೆಯ ತೊಂದರೆ. ಬೆಳಿಗ್ಗೆ ಏನು ತಿಂದಿದ್ದಿರಿ? ದಾರಿಯಲ್ಲಿ ಏನು ತಿಂದಿರಿ?

ಕಡಲದಾರಿ

ಮನೆಯಲ್ಲಿ ಎರಡು ಇಡ್ಲಿ, ಕಾಫಿ. ಹೆಬ್ರಿಯಲ್ಲಿ ಒಂದು ಚಹಾ. ಮೇಲೆ ಹೋಗಿ ಚಪಾತಿ ತಿನ್ನೋಣ ಅಂತ ಇದ್ದೆ.

ಶಾಲಾ ಮೇಷ್ಟ್ರು

ಅಲ್ಲೇ ಆಯಿತು ನೋಡಿ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಜೋರಾಗಿ ತುಳಿದರೆ ಒಂದೂವರೆ, ಎರಡು ಗಂಟೆಗೆ ಕರಗುತ್ತದೆ. ನೀವು ನಾಲ್ಕು ಗಂಟೆ ತುಳಿದು ಘಾಟಿಗೆ ಬಂದಿದ್ದೀರಿ, ಎರಡು ಇಡ್ಲಿಯ ಮೇಲೆ. ಕೈ ನಡುಗುವುದು, ಬೆವರು ತಣ್ಣಗಾಗುವುದು, ಸಣ್ಣ ಕೆಲಸವೂ ಆಗದಿರುವುದು, ಎಲ್ಲ ಅದರ ಗುರುತು. ಒಮ್ಮೆ ಹಾಗಾದರೆ ಮತ್ತೆ ಚೇತರಿಸಿಕೊಳ್ಳಲು ಒಂದು ಗಂಟೆ ಬೇಕು.

ಹಸಿವಾಗುವವರೆಗೆ ಕಾಯಬೇಡಿ. ಗಂಟೆಗೆ ಎರಡು ಬಾಳೆಹಣ್ಣು, ಇಲ್ಲವೇ ಒಂದು ದೊಡ್ಡ ಉಂಡೆ ಬೆಲ್ಲ. ನೀರಿಗೆ ಸಕ್ಕರೆ, ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣು. ಕರಾವಳಿಯ ಬೆವರಿಗೆ ಬರೀ ನೀರು ಸಾಲುವುದಿಲ್ಲ, ಉಪ್ಪು ಬೇಕು. ಪೆರ್ಡೂರು ದೇವಸ್ಥಾನದಲ್ಲಿ ಬಾಳೆಹಣ್ಣಿನ ಸೇವೆಯೇ ಪ್ರಸಿದ್ಧ, ಸುತ್ತಮುತ್ತ ಅಂಗಡಿಯಲ್ಲಿ ಹಣ್ಣು ಸಿಗುತ್ತದೆ. ಅಲ್ಲಿ ನಿಂತು ಅರ್ಧ ಡಜನ್ ತೆಗೆದುಕೊಳ್ಳಿ. ಹೆಬ್ರಿಯಲ್ಲಿ ಗಟ್ಟಿ ತಿಂಡಿ ತಿನ್ನಿ.

ಹೆಬ್ರಿ ಮಾಣಿ

ಸಜ್ಜಿಗೆ ಬಜಿಲ್ ತಿನ್ನಿ. ಉಪ್ಪಿಟ್ಟು, ಅವಲಕ್ಕಿ ಎರಡೂ ಹೊಟ್ಟೆಯಲ್ಲಿ ನಿಲ್ಲುತ್ತವೆ. ಬನ್ಸ್ ತಿಂದು ಘಾಟಿ ಹತ್ತಬೇಡಿ, ಎಣ್ಣೆ ಮೇಲೆ ಬರುತ್ತದೆ.

ಎರಡು ಚಕ್ರ

ಬನ್ಸ್ ಬಗ್ಗೆ ಹಾಗೆ ಹೇಳಬೇಡಿ. ನಾಲ್ಕು ಬನ್ಸ್ ತಿಂದು ನಾನು ಎರಡು ಸಲ ಹತ್ತಿದ್ದೇನೆ, ಏನೂ ಆಗಿಲ್ಲ.

ಕೊಪ್ಪದವಳು

ಬಾಳೆಹಣ್ಣು ಹ್ಯಾಂಡಲ್ ಚೀಲದಲ್ಲಿ ಕಾಣುವ ಹಾಗೆ ಇಡಬೇಡಿ. ಘಾಟಿಯ ಮಂಗಗಳು ಬಿಡುವುದಿಲ್ಲ. ಕಾರಿನವರು ನಿಲ್ಲಿಸಿ ಚಿಪ್ಸ್, ಬಿಸ್ಕತ್ತು ಹಾಕಿ ಹಾಕಿ ಅವಕ್ಕೆ ರಸ್ತೆಯೇ ಮನೆಯಾಗಿದೆ. ಇದು ನನಗೆ ತುಂಬಾ ಬೇಸರದ ವಿಷಯ. ಹೋದ ವರ್ಷ ಒಂದು ತಾಯಿಮಂಗ ರಸ್ತೆ ನಡುವೆ ಬಿದ್ದಿತ್ತು. ಮರಿ ಇನ್ನೂ ಎದೆಗೆ ಅಂಟಿಕೊಂಡೇ ಇತ್ತು. ಅರಣ್ಯ ಇಲಾಖೆಯವರು ಬರುವವರೆಗೆ ನಾನು ಸೈಕಲ್ ಅಡ್ಡ ನಿಲ್ಲಿಸಿ ನಿಂತಿದ್ದೆ. ಸೈಕಲ್‌ನವರಾದರೂ ಏನೂ ಹಾಕಬೇಡಿ. ಸಿಪ್ಪೆಯನ್ನೂ ಎಸೆಯಬೇಡಿ, ಜೇಬಿಗೆ ಹಾಕಿಕೊಳ್ಳಿ.

ಸುಮ್ನೆ ಓದುವವ

ಸಿಪ್ಪೆ ಕೊಳೆತು ಮಣ್ಣಾಗುತ್ತದೆ ಅಲ್ವಾ?

ಕೊಪ್ಪದವಳು

ಕೊಳೆಯುವ ಮೊದಲು ಮಂಗ ರಸ್ತೆಗೆ ಬರುತ್ತದೆ. ಅದೇ ತೊಂದರೆ.

ಮಣಿಪಾಲ ನಿವಾಸಿ

ನಾನು ಮಹಿಳೆ, ಒಬ್ಬಳೇ ಈ ದಾರಿಯಲ್ಲಿ ಹೋಗಬೇಕು ಅಂತ ತುಂಬಾ ದಿನದಿಂದ ಆಸೆ. ಶೌಚಾಲಯ ಎಲ್ಲಿ ಸಿಗುತ್ತದೆ? ಫೋನ್ ಸಿಗ್ನಲ್ ಇರುತ್ತದಾ?

ಕೊಪ್ಪದವಳು

ಅಕ್ಕ, ಹೆಬ್ರಿಯ ಪೆಟ್ರೋಲ್ ಬಂಕ್ ಅಥವಾ ಹೋಟೆಲ್‌ನಲ್ಲಿ ಮುಗಿಸಿಕೊಳ್ಳಿ. ಆಮೇಲೆ ಆಗುಂಬೆಯಲ್ಲೇ. ನಡುವೆ ಕಾಡು. ಘಾಟಿಯಲ್ಲಿ ಸಿಗ್ನಲ್ ನಂಬಬೇಡಿ. ಸೋಮೇಶ್ವರದಿಂದ ಮನೆಗೆ ಫೋನ್ ಮಾಡಿ «ಎರಡು ಗಂಟೆ ಬಿಟ್ಟು ಆಗುಂಬೆಯಿಂದ ಮಾಡುತ್ತೇನೆ» ಅಂತ ಹೇಳಿಡಿ. ನಾನು ಒಬ್ಬಳೇ ಮೂರು ಸಲ ಹೋಗಿದ್ದೇನೆ. ದಾರಿಯ ಜನ ಒಳ್ಳೆಯವರು. ಬೇಕಾದರೆ ಒಟ್ಟಿಗೆ ಹೋಗೋಣ.

ಮಣಿಪಾಲ ನಿವಾಸಿ

ಖಂಡಿತ. ಸಂದೇಶ ಕಳಿಸುತ್ತೇನೆ.

ಬ್ರೆವೆ ಬೆಂಗಳೂರು

ಜೂನ್, ಜುಲೈನಲ್ಲಿ ಹೋದರೆ ಸೆಕೆ ಇರುವುದಿಲ್ಲ. ಮಂಜಿನಲ್ಲಿ ತುಳಿಯುವ ಸುಖವೇ ಬೇರೆ.

ತೀರ್ಥಹಳ್ಳಿ ಹುಡುಗ

ದಯವಿಟ್ಟು ಬೇಡ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಡ್ಡ ಜರಿಯುತ್ತದೆ, ಮರ ಬೀಳುತ್ತದೆ. ಮಳೆಗಾಲದಲ್ಲಿ ಭಾರಿ ವಾಹನ ಬಿಡದಿರುವುದು ಸುಮ್ನೆ ಅಲ್ಲ. ಮಂಜಿನಲ್ಲಿ ಹತ್ತು ಅಡಿ ಮುಂದೆ ಏನಿದೆ ಕಾಣುವುದಿಲ್ಲ, ಹಿಂದಿನಿಂದ ಬರುವವರಿಗೆ ನೀವೂ ಕಾಣುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಸಂಜೆ ಆಕಾಶ ಶುಭ್ರ ಇದ್ದರೆ ಸೂರ್ಯಾಸ್ತದ ಕಟ್ಟೆಯಿಂದ ಸಮುದ್ರವೂ ಕಾಣುತ್ತದೆ.

ಮಳೆಗಾಲದಲ್ಲಿ ಇಂಬಳದ (ಜಿಗಣೆ) ಕಾಟ ಬೇರೆ. ನಿಂತಲ್ಲಿ ಕಾಲಿಗೆ ಹತ್ತುತ್ತದೆ.

ಸುಮ್ನೆ ಓದುವವ

ನಮ್ಮಲ್ಲಿ ಉಂಬಳ ಅಂತೀವಿ. ಉಪ್ಪು ಹಾಕಿದರೆ ಬಿಡುತ್ತದೆ.

ಮ್ಯೂನಿಕ್ ಕನ್ನಡಿಗ

ಎಲ್ಲರೂ ಹತ್ತುವುದರ ಬಗ್ಗೆಯೇ ಮಾತಾಡುತ್ತಿದ್ದೀರಿ. ಮರುದಿನ ಕಾರ್ಕಳಕ್ಕೆ ಇಳಿಯುವುದು ಇದೆಯಲ್ಲ? ಅಟ್ಲಾಸ್ ಹಿರಿಯರು ಹೇಳಿದ ರಬ್ಬರ್ ವಾಸನೆ ಇವತ್ತಿಗೂ ನಿಜ. ರಿಮ್ ಬ್ರೇಕ್ ಒಂದೇ ಸಮ ಒತ್ತಿ ಹಿಡಿದರೆ ರಿಮ್ ಕಾಯುತ್ತದೆ, ಟ್ಯೂಬಿನ ಗಾಳಿ ಹಿಗ್ಗಿ ಟ್ಯೂಬ್ ಒಡೆಯಬಹುದು. ತಿರುವಿಗೆ ಮೊದಲು ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ. ತಿರುವಿನ ಒಳಗೆ ಬಿಟ್ಟುಬಿಡಿ. ನೇರ ದಾರಿಯಲ್ಲಿ ರಿಮ್ ತಣ್ಣಗಾಗಲಿ. ಸಾಮಾನು ಹಿಂದೆ ಜಾಸ್ತಿ ಇದ್ದರೆ ನಿಲ್ಲಲು ಇನ್ನೂ ದೂರ ಬೇಕು.

ಸ್ಪೋಕ್ ಕಟ್ಟುವವ

ಪೂರ್ತಿ ಒಪ್ಪುತ್ತೇನೆ. ಹೊರಡುವ ಮೊದಲು ಬ್ರೇಕ್ ಪ್ಯಾಡ್ ಬಿಚ್ಚಿ ನೋಡಿ. ಅದರ ಮೇಲಿನ ಗೀರು ಅಳಿಸಿಹೋಗಿದ್ದರೆ ಬದಲಿಸಿ. ರಬ್ಬರಿನಲ್ಲಿ ಸಿಕ್ಕಿಕೊಂಡ ಮರಳು, ಅಲ್ಯೂಮಿನಿಯಂ ಚೂರನ್ನು ಪಿನ್ನಿನಿಂದ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ರಿಮ್ ತಿನ್ನುತ್ತದೆ.

ಇನ್ನೊಂದು. ನಿಮ್ಮ ಟ್ಯೂಬಿನ ವಾಲ್ವ್ ಸಣ್ಣದು (ಪ್ರೆಸ್ಟಾ) ಆದರೆ ಒಂದು ಹಿತ್ತಾಳೆ ಅಡಾಪ್ಟರ್ ಇಟ್ಟುಕೊಳ್ಳಿ. ಹಳ್ಳಿಯ ಪಂಕ್ಚರ್ ಅಂಗಡಿಯ ಗಾಳಿ ಪೈಪು ಮೋಟರ್‌ಬೈಕ್ ವಾಲ್ವಿಗೆ ಮಾತ್ರ ಕೂರುತ್ತದೆ. ಶೇಂಗಾಬೀಜದಷ್ಟು ಸಣ್ಣ ವಸ್ತು, ಆದರೆ ಅದಿಲ್ಲದೆ ಗಾಳಿ ಹಾಕಿಸಲು ಆಗುವುದಿಲ್ಲ.

ತೀರ್ಥಹಳ್ಳಿ ಹುಡುಗ

ಶೃಂಗೇರಿಯಿಂದ ಇಳಿಯುವಾಗ ತನಿಕೋಡು ಚೆಕ್‌ಪೋಸ್ಟ್ ದಾಟಿದ ಮೇಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಒಳಗೆ ನಿಲ್ಲುವ ಹಾಗಿಲ್ಲ. ತಿನ್ನುವುದು, ನೀರು ತುಂಬಿಸುವುದು ಎಲ್ಲ ತನಿಕೋಡಿಗೆ ಮೊದಲೇ ಮುಗಿಸಿ.

ಕಡಲದಾರಿ

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಕ್ಯಾಸೆಟ್, ಡಿರೈಲರ್, ಚೈನ್ ಮೂರೂ ಬದಲಿಸಲು ಕೊಟ್ಟಿದ್ದೇನೆ. ಮತ್ತೆ ಹೋಗಿ ಬಂದು ಬರೆಯುತ್ತೇನೆ.

*(ಆರು ವಾರದ ನಂತರ)*

ಕಡಲದಾರಿ

ನಿನ್ನೆ ಹೊರಟೆ. ಶೃಂಗೇರಿಯಿಂದಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆ 5.15ಕ್ಕೆ ಲೈಟ್ ಹಾಕಿಕೊಂಡು ಮನೆ ಬಿಟ್ಟೆ. ಸಾಮಾನು 7 ಕೆ.ಜಿ. ಪೆರ್ಡೂರಿನಲ್ಲಿ ಬಾಳೆಹಣ್ಣು ಕೊಂಡೆ. ಹೆಬ್ರಿಯಲ್ಲಿ ಸಜ್ಜಿಗೆ ಬಜಿಲ್, ಎರಡು ಚಹಾ. ಸೋಮೇಶ್ವರದಲ್ಲಿ ನೀರು ತುಂಬಿಸಿ 8.30ಕ್ಕೆ ಘಾಟಿಗೆ ಬಿದ್ದೆ. ಮರದ ನೆರಳು ರಸ್ತೆಯ ಮೇಲೆ ಇನ್ನೂ ಹಾಸಿಕೊಂಡಿತ್ತು, ತಂಪಿತ್ತು. ಮೊದಲ ತಿರುವಿನಿಂದಲೇ ಹಿಂದಿನ ದೊಡ್ಡ ಹಲ್ಲಿಗೆ ಹಾಕಿದೆ. ವೇಗ ನೋಡಬಾರದು ಅಂತ ಮೀಟರ್ ಮೇಲೆ ಟೇಪ್ ಅಂಟಿಸಿದ್ದೆ. ಉಸಿರು ಮಾತಾಡುವಷ್ಟು ಇದೆಯಾ ಅಂತ ಮಾತ್ರ ಗಮನಿಸಿದೆ. ಒಂಬತ್ತನೇ ತಿರುವಿನಲ್ಲಿ (ತೀರ್ಥಹಳ್ಳಿಯವರಿಗೆ ಆರನೇದು) ಬೇಕಂತಲೇ ನಿಂತೆ. ಅದೇ ತಡೆಗೋಡೆ. ಬಾಳೆಹಣ್ಣು ಸುಲಿದೆ, ಕೈ ನಡುಗಲಿಲ್ಲ. ಸಿಪ್ಪೆ ಜೇಬಿಗೆ ಹಾಕಿಕೊಂಡೆ. ಮಿನಿ ಬಸ್ಸೊಂದು ಇಳಿದು ಬಂತು, ಡ್ರೈವರ್ ಕೈ ಎತ್ತಿ ನಮಸ್ಕಾರ ಮಾಡಿದರು. ಅದು ತಿರುಗಿ ಹೋಗುವವರೆಗೆ ಕಾದು ಮತ್ತೆ ಹತ್ತಿದೆ.

ಆಗುಂಬೆಗೆ 10.10. ಒಮ್ಮೆಯೂ ತಳ್ಳಲಿಲ್ಲ. ಅಲ್ಲಿ ಕಷಾಯ ಕುಡಿದು, ಅರ್ಧ ಗಂಟೆ ಕೂತು, ಶೃಂಗೇರಿಗೆ ಹೊರಟೆ. ಆ ದಾರಿಯಲ್ಲಿ ಸಣ್ಣ ಸಣ್ಣ ಏರು ತುಂಬಾ ಇವೆ, ಘಾಟಿ ಮುಗಿಯಿತು ಅಂದುಕೊಂಡವರಿಗೆ ಅವು ಸುಸ್ತು ಮಾಡುತ್ತವೆ. ಇದನ್ನು ಮೊದಲೇ ತಿಳಿದುಕೊಂಡು ಹೋಗಿ. 1.15ಕ್ಕೆ ಮಠದಲ್ಲಿ ಊಟಕ್ಕೆ ಕೂತೆ. ಸಾರು, ಅನ್ನ, ಪಾಯಸ, ಎಲ್ಲವನ್ನೂ ಎರಡೆರಡು ಸಲ ಹಾಕಿಸಿಕೊಂಡೆ. ಆಮೇಲೆ ತುಂಗೆಯ ಮೆಟ್ಟಿಲ ಮೇಲೆ ಮೀನು ನೋಡುತ್ತಾ ಕೂತೆ.

ಹಳೇ ಅಟ್ಲಾಸ್

ಓದಿ ಮನಸ್ಸು ತುಂಬಿತು ತಮ್ಮಾ.

ಬ್ರೆವೆ ಬೆಂಗಳೂರು

ಅಭಿನಂದನೆ. ಗೇರ್ ವಿಷಯದಲ್ಲಿ ಸ್ಪೋಕ್ ಅವರ ಮಾತು ಸರಿ, ಒಪ್ಪುತ್ತೇನೆ. ಜನವರಿಯ 200ಕ್ಕೆ ಬನ್ನಿ.

ಸ್ಪೋಕ್ ಕಟ್ಟುವವ

ಇಳಿಯುವ ಮೊದಲು ಪ್ಯಾಡ್ ನೋಡಿದಿರಾ?

ಕಡಲದಾರಿ

ಈಗಷ್ಟೇ ಬಿಚ್ಚಿ ನೋಡಿದೆ. ಹಿಂದಿನದರ ಗೀರು ಅಳಿಸಿದೆ. ಜೊತೆಗೆ ತಂದ ಹೊಸದನ್ನು ಹಾಕಿದೆ. ಏಳಕ್ಕೆ ಹೊರಡುತ್ತೇನೆ, ತನಿಕೋಡಿಗೆ ಮೊದಲೇ ತಿಂಡಿ.